ನಗರ ಸಾರ್ವಜನಿಕ ಓಟಗಳಲ್ಲಿ ಹವ್ಯಾಸಿ ಓಟಗಾರರ ಭಾಗವಹಿಸುವಿಕೆ: ಸಿಂಗಟಾಲೂರು ಮತ್ತು ಮುಂಡರಗಿ ತಾಲ್ಲೂಕಿನ ನಾಗರಿಕರಿಗೆ ಮಾಹಿತಿ

ಪೀಠಿಕೆ

ಬೆಂಗಳೂರು ಮೊದಲ್ಗೊಂಡು ರಾಜ್ಯದ ಹಲವು ನಗರಗಳಲ್ಲಿ ಪ್ರತಿವರ್ಷ ಸಾರ್ವಜನಿಕ ಓಟಗಳು ಏರ್ಪಡುತ್ತಿವೆ. ಇವುಗಳಲ್ಲಿ ವೃತ್ತಿಪರ ಕ್ರೀಡಾಪಟುಗಳಲ್ಲದ ಸಾಮಾನ್ಯ ನಾಗರಿಕರೂ ಹೆಸರು ನೋಂದಾಯಿಸಿ ಓಡಬಹುದಾಗಿದೆ. ಗದಗ ಜಿಲ್ಲೆ ಮುಂಡರಗಿ ತಾಲ್ಲೂಕಿನ ತುಂಗಭದ್ರಾ ನದಿ ದಂಡೆಯ ಸಿಂಗಟಾಲೂರು ಹಾಗೂ ಸುತ್ತಲಿನ ಗ್ರಾಮಗಳ ಯುವಕ-ಯುವತಿಯರು, ರೈತರು, ಶಿಕ್ಷಕರು ಮತ್ತು ಗೃಹಿಣಿಯರು ಇಂತಹ ಓಟಗಳಿಗೆ ಹೋಗಲು ಇಚ್ಛಿಸಿದಲ್ಲಿ ಅನುಸರಿಸಬೇಕಾದ ಕ್ರಮ, ಆರೋಗ್ಯದ ದೃಷ್ಟಿಯಿಂದ ವಹಿಸಬೇಕಾದ ಎಚ್ಚರಿಕೆ ಮತ್ತು ಸಾಮಾನ್ಯವಾಗಿ ಕಂಡುಬರುವ ತಪ್ಪು ತಿಳಿವಳಿಕೆಗಳ ಕುರಿತು ಈ ಪುಟದಲ್ಲಿ ಮಾಹಿತಿ ನೀಡಲಾಗಿದೆ. ಬೆಂಗಳೂರಿನ ಹತ್ತು ಕಿಲೋಮೀಟರ್ ಓಟವನ್ನು ಉದಾಹರಣೆಯಾಗಿ ತೆಗೆದುಕೊಳ್ಳಲಾಗಿದ್ದು, ಇತರ ನಗರಗಳ ಓಟಗಳಿಗೂ ಬಹುಪಾಲು ಇದೇ ಕ್ರಮ ಅನ್ವಯಿಸುತ್ತದೆ.

ಸಾರ್ವಜನಿಕ ಓಟದ ಸ್ವರೂಪ

ಬೆಂಗಳೂರಿನಲ್ಲಿ 2008ರ ಮೇ 18ರಂದು ‘ವರ್ಲ್ಡ್ 10ಕೆ’ ಹೆಸರಿನ ಓಟ ಮೊದಲ ಬಾರಿಗೆ ನಡೆಯಿತು. ಆ ವರ್ಷ ಪುರುಷರ ವಿಭಾಗದಲ್ಲಿ ಎರಿಟ್ರಿಯಾ ದೇಶದ ಜರ್ಸೆನೈ ಟಾಡೆಸೆ ಪ್ರಥಮ ಸ್ಥಾನ ಪಡೆದರು. ಇದೇ ಓಟ ಈಗ ಟಿಸಿಎಸ್ ವರ್ಲ್ಡ್ 10ಕೆ ಎಂಬ ಹೆಸರಿನಲ್ಲಿ ನಡೆಯುತ್ತಿದೆ. ಹಲವು ವರ್ಷ ಮೇ ತಿಂಗಳಿನಲ್ಲಿ ನಡೆಯುತ್ತಿದ್ದ ಇದನ್ನು 2024 ಮತ್ತು 2025ರಲ್ಲಿ ಏಪ್ರಿಲ್ ತಿಂಗಳ ಕೊನೆಯ ಭಾನುವಾರ ಏರ್ಪಡಿಸಲಾಗಿತ್ತು. ಇದು ಖಾಸಗಿ ಸಂಸ್ಥೆಯ ಆಯೋಜನೆಯಾಗಿದ್ದು, ಇದರ ಅರ್ಜಿಗಳನ್ನು ಯಾವುದೇ ಸರ್ಕಾರಿ ಕಚೇರಿಯಲ್ಲಿ ಸ್ವೀಕರಿಸಲಾಗುವುದಿಲ್ಲ ಎಂಬುದನ್ನು ನಾಗರಿಕರು ಗಮನಿಸತಕ್ಕದ್ದು.

ಒಂದೇ ದಿನ, ಬಹುತೇಕ ಒಂದೇ ರಸ್ತೆಗಳಲ್ಲಿ, ಹಲವು ವಿಭಾಗಗಳ ಓಟಗಳು ನಡೆಯುತ್ತವೆ. ಅಂತರರಾಷ್ಟ್ರೀಯ ಮತ್ತು ಭಾರತೀಯ ಖ್ಯಾತ ಓಟಗಾರರ ವಿಭಾಗ ಆಹ್ವಾನಿತರಿಗೆ ಮೀಸಲು. ಸಾರ್ವಜನಿಕರಿಗೆ ಮುಕ್ತವಾಗಿರುವ ಹತ್ತು ಕಿ.ಮೀ. ಓಟ ಎರಡನೆಯದು; ಇದರಲ್ಲಿ ಪ್ರತಿಯೊಬ್ಬರ ಸಮಯವನ್ನೂ ದಾಖಲಿಸಲಾಗುತ್ತದೆ. ಮೂರನೆಯದು ‘ಮಜ್ಜಾ ರನ್’. ನಿಘಂಟಿನ ಅರ್ಥದಲ್ಲಿ ಮಜ್ಜೆ ಎಂದರೆ ಮೂಳೆಯೊಳಗಿನ ಸಾರವಾದರೂ ಇಲ್ಲಿ ಅದು ಬೆಂಗಳೂರಿನ ಆಡುಮಾತಿನ ‘ಮಜಾ’ ಮಾತ್ರ. ಐದೂವರೆ ಕಿ.ಮೀ. ಆಸುಪಾಸಿನ ಈ ಓಟದಲ್ಲಿ ಸ್ಥಾನ ನಿರ್ಣಯವಿಲ್ಲ. ಓಡಬಹುದು, ನಡೆಯಬಹುದು, ಕುಟುಂಬ ಸಮೇತ ಸಾಗಬಹುದು. ಹಿರಿಯ ನಾಗರಿಕರಿಗೆ ಮತ್ತು ವಿಕಲಚೇತನರಿಗೆ ಪ್ರತ್ಯೇಕ ವಿಭಾಗಗಳಿರುತ್ತವೆ. ಪ್ರತಿ ವರ್ಷದ ದೂರ, ವಯೋಮಿತಿ ಮತ್ತು ಶುಲ್ಕವನ್ನು ಆಯಾ ವರ್ಷದ ಪ್ರಕಟಣೆಯಲ್ಲಿಯೇ ನೋಡಿ ಖಚಿತಪಡಿಸಿಕೊಳ್ಳತಕ್ಕದ್ದು.

ವಿಭಾಗ ಆಯ್ಕೆ ಮಾಡುವಾಗ ದೂರಕ್ಕಿಂತ ವೇಗವೇ ಹೆಚ್ಚಿನವರನ್ನು ದಾರಿ ತಪ್ಪಿಸುತ್ತದೆ. ಮುಂಡರಗಿ, ಶಿರಹಟ್ಟಿ, ಲಕ್ಷ್ಮೇಶ್ವರ ಭಾಗದಲ್ಲಿ ನಸುಕಿನಲ್ಲಿ ರಸ್ತೆ ಬದಿ ಓಡುವ ಯುವಕರಲ್ಲಿ ಬಹುಮಂದಿ ಪೊಲೀಸ್ ಅಥವಾ ಸೇನಾ ಭರ್ತಿಗಾಗಿ ಅಭ್ಯಾಸ ಮಾಡುವವರು. ಪೊಲೀಸ್ ಕಾನ್‌ಸ್ಟೆಬಲ್ ನೇಮಕಾತಿಯ ದೈಹಿಕ ಪರೀಕ್ಷೆಯಲ್ಲಿ ಪುರುಷ ಅಭ್ಯರ್ಥಿಗಳು 1600 ಮೀಟರ್ ದೂರವನ್ನು 6 ನಿಮಿಷ 30 ಸೆಕೆಂಡುಗಳೊಳಗೆ ಕ್ರಮಿಸಬೇಕಾಗಿದ್ದು, ಅಂದರೆ ಒಂದು ಕಿ.ಮೀ.ಗೆ ಸುಮಾರು 4 ನಿಮಿಷ 4 ಸೆಕೆಂಡು. ಇದೇ ವೇಗವನ್ನು ಹತ್ತು ಕಿ.ಮೀ. ಉಳಿಸಿಕೊಂಡರೆ 41 ನಿಮಿಷಕ್ಕೂ ಮೊದಲೇ ಓಟ ಮುಗಿಯುತ್ತದೆ. ಹವ್ಯಾಸಿಗಳಲ್ಲಿ ಇದು ಅತ್ಯುತ್ತಮ ಸಮಯ, ವಿಶೇಷ ತರಬೇತಿಯಿಲ್ಲದೆ ಸಾಧ್ಯವಾಗುವಂಥದ್ದಲ್ಲ. ಭರ್ತಿಯ ವೇಗದಲ್ಲಿಯೇ ಆರಂಭಿಸಿದವರು ಮೂರನೆಯ ಅಥವಾ ನಾಲ್ಕನೆಯ ಕಿಲೋಮೀಟರಿನಲ್ಲಿ ನಿಂತುಬಿಡುವುದು ಸಹಜ. ಹೋಲಿಕೆಗಾಗಿ ಹೇಳುವುದಾದರೆ, 2022ರಲ್ಲಿ ಬೆಂಗಳೂರಿನ ಇದೇ ಓಟವನ್ನು ಕೀನ್ಯಾದ ನಿಕೋಲಸ್ ಕಿಮೆಲಿ 27 ನಿಮಿಷ 38 ಸೆಕೆಂಡುಗಳಲ್ಲಿ, ಮಹಿಳೆಯರ ವಿಭಾಗದಲ್ಲಿ ಐರೀನ್ ಚೆಪ್ಟೈ 30 ನಿಮಿಷ 35 ಸೆಕೆಂಡುಗಳಲ್ಲಿ ಮುಗಿಸಿದರು. ನಿಯಮಿತವಾಗಿ ಅಭ್ಯಾಸ ಮಾಡಿದ ಸಾಮಾನ್ಯ ನಾಗರಿಕರಿಗೆ 60ರಿಂದ 75 ನಿಮಿಷ ಗೌರವದ ಸಮಯವೇ ಆಗಿರುತ್ತದೆ. ಮೂರು ಕಿ.ಮೀ.ಗಿಂತ ಹೆಚ್ಚು ಎಂದೂ ಓಡದವರು ಮೊದಲ ವರ್ಷ ಮಜ್ಜಾ ರನ್ ಮಾದರಿಯ ಕಿರು ಓಟವನ್ನೇ ಆರಿಸಿಕೊಳ್ಳುವುದು ಸೂಕ್ತ.

ಪ್ರಮಾಣಪತ್ರದ ಮಾನ್ಯತೆ

ಈ ಅಂಶವನ್ನು ಪ್ರತ್ಯೇಕವಾಗಿ ತಿಳಿಸುವುದು ಅವಶ್ಯವಾಗಿದೆ. ಸಾರ್ವಜನಿಕ ಓಟದಲ್ಲಿ ದೊರೆಯುವ ಪದಕವಾಗಲಿ, ಭಾಗವಹಿಸುವಿಕೆಯ ಪ್ರಮಾಣಪತ್ರವಾಗಲಿ ಓಟವನ್ನು ಪೂರ್ಣಗೊಳಿಸಿದ ಎಲ್ಲರಿಗೂ ನೀಡುವ ನೆನಪಿನ ಕಾಣಿಕೆ. ಸರ್ಕಾರಿ ನೇಮಕಾತಿಯಲ್ಲಿನ ಕ್ರೀಡಾ ಮೀಸಲಾತಿಗೆ ಅಥವಾ ವೃತ್ತಿಪರ ಕೋರ್ಸುಗಳ ಕ್ರೀಡಾ ಕೋಟಾದ ಸೀಟಿಗೆ ಆಯಾ ಅಧಿಸೂಚನೆಗಳಲ್ಲಿ ಹೆಸರಿಸಿರುವ ಮಾನ್ಯತೆ ಪಡೆದ ಸ್ಪರ್ಧೆಗಳಲ್ಲಿನ ಸಾಧನೆಯನ್ನು ಮಾತ್ರ ಪರಿಗಣಿಸಲಾಗುತ್ತದೆ. ಸಾಲ ಮಾಡಿ ಬೆಂಗಳೂರಿಗೆ ಹೋಗಿ, ಪದಕ ತಂದು, ಅದನ್ನು ಅರ್ಜಿಯೊಂದಿಗೆ ಲಗತ್ತಿಸಿದ ಮಾತ್ರಕ್ಕೆ ಅಂಕ ಹೆಚ್ಚುವುದಿಲ್ಲ. ‘ಪದಕ ಸಿಕ್ಕರೆ ನೌಕರಿಗೆ ಅನುಕೂಲ’ ಎಂದು ಹೇಳಿ ಹಣ ಪಡೆಯುವ ಮಧ್ಯವರ್ತಿಗಳ ಮಾತನ್ನು ನಂಬಬಾರದು.

ಸ್ಪರ್ಧಾತ್ಮಕವಾಗಿ ಓಡಬೇಕೆಂಬ ಅಪೇಕ್ಷೆಯುಳ್ಳವರಿಗೆ ಬೇರೆ ದಾರಿಯಿದೆ. ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯು ಪ್ರತಿವರ್ಷ ಏರ್ಪಡಿಸುವ ದಸರಾ ಕ್ರೀಡಾಕೂಟಗಳು ತಾಲ್ಲೂಕು ಮಟ್ಟದಿಂದ ಆರಂಭವಾಗಿ ಜಿಲ್ಲೆ, ವಿಭಾಗ ಮತ್ತು ರಾಜ್ಯ ಮಟ್ಟದವರೆಗೆ ಸಾಗುತ್ತವೆ. ವೇಗವಿರುವ ಗ್ರಾಮೀಣ ಓಟಗಾರರು ಮೊದಲು ಇವುಗಳಲ್ಲಿ ಭಾಗವಹಿಸುವುದು ಲಾಭದಾಯಕ.

ನೋಂದಣಿ ಕ್ರಮ

ನೋಂದಣಿಯನ್ನು ಆಯೋಜಕರ ಅಧಿಕೃತ ಜಾಲತಾಣದಲ್ಲಿ ಆನ್‌ಲೈನ್ ಮೂಲಕ ಮಾಡಬೇಕಾಗಿದ್ದು, ಓಟದ ದಿನಾಂಕಕ್ಕೆ ಕೆಲವು ತಿಂಗಳು ಮೊದಲೇ ಇದು ಆರಂಭವಾಗುತ್ತದೆ. ಸ್ಥಾನಗಳು ಭರ್ತಿಯಾದ ಕೂಡಲೇ, ಪ್ರಕಟಿತ ಕೊನೆಯ ದಿನಾಂಕಕ್ಕೂ ಮುಂಚೆ, ನೋಂದಣಿ ಮುಕ್ತಾಯವಾಗುವುದುಂಟು. ಅರ್ಜಿದಾರರು ಭಾವಚಿತ್ರವಿರುವ ಗುರುತಿನ ಚೀಟಿ, ಜನ್ಮ ದಿನಾಂಕ, ರಕ್ತದ ಗುಂಪು, ತುರ್ತು ಸಂದರ್ಭದಲ್ಲಿ ಸಂಪರ್ಕಿಸಬೇಕಾದ ವ್ಯಕ್ತಿಯ ಹೆಸರು ಮತ್ತು ದೂರವಾಣಿ ಸಂಖ್ಯೆ, ಅಂಗಿಯ ಅಳತೆ ಇವುಗಳನ್ನು ಸಿದ್ಧವಿಟ್ಟುಕೊಳ್ಳತಕ್ಕದ್ದು. ಹೆಸರನ್ನು ಗುರುತಿನ ಚೀಟಿಯಲ್ಲಿರುವಂತೆಯೇ ನಮೂದಿಸಬೇಕು. ಉತ್ತರ ಕರ್ನಾಟಕದಲ್ಲಿ ಅಡ್ಡಹೆಸರು ಒಂದು ದಾಖಲೆಯಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿರುವುದು ಸಾಮಾನ್ಯ; ಸಂಖ್ಯೆ ವಿತರಣೆಯ ದಿನ ತೋರಿಸುವ ದಾಖಲೆ ಯಾವುದೋ ಅದರಂತೆಯೇ ಬರೆಯುವುದು ಕ್ಷೇಮ.

ಪಾವತಿಸಿದ ಶುಲ್ಕವನ್ನು ಸಾಮಾನ್ಯವಾಗಿ ಹಿಂದಿರುಗಿಸಲಾಗುವುದಿಲ್ಲ, ಮುಂದಿನ ವರ್ಷಕ್ಕೆ ಹೊಂದಾಣಿಕೆಯನ್ನೂ ಮಾಡಲಾಗುವುದಿಲ್ಲ. ಆದ್ದರಿಂದ ಬಿತ್ತನೆ, ಕೊಯ್ಲು, ಪರೀಕ್ಷೆ, ಮನೆಯ ಮದುವೆ ಮುಂತಾದವುಗಳ ದಿನಾಂಕ ನೋಡಿಕೊಂಡು ನೋಂದಾಯಿಸುವುದು ಒಳಿತು. ವಾಟ್ಸ್‌ಆ್ಯಪ್ ಮೂಲಕ ಬರುವ ಕೊಂಡಿಗಳಲ್ಲಿ ಹಣ ಪಾವತಿಸಬಾರದು. ಓಟಿಪಿ ಸಂಖ್ಯೆಯನ್ನು ಯಾರಿಗೂ ತಿಳಿಸಬಾರದು. ವಂಚನೆಗೆ ಒಳಗಾದಲ್ಲಿ ತಡಮಾಡದೆ ಸೈಬರ್ ಅಪರಾಧ ಸಹಾಯವಾಣಿ 1930ಕ್ಕೆ ಕರೆ ಮಾಡತಕ್ಕದ್ದು.

ಎದೆಸಂಖ್ಯೆ ಮತ್ತು ಅದರ ಮಹತ್ವ

ನೋಂದಾಯಿತ ಓಟಗಾರರಿಗೆ ಸಂಖ್ಯೆಯುಳ್ಳ ಒಂದು ಪಟ್ಟಿಯನ್ನು ನೀಡಲಾಗುತ್ತದೆ. ಇದಕ್ಕೆ ‘ಬಿಬ್’ ಎನ್ನುತ್ತಾರೆ. ಸಮಯ ದಾಖಲಿಸುವ ವಿಭಾಗಗಳಲ್ಲಿ ಇದಕ್ಕೆ ಒಂದು ಸಣ್ಣ ಚಿಪ್ ಅಂಟಿಸಿದ್ದು, ಆರಂಭ ಮತ್ತು ಮುಕ್ತಾಯದ ಗೆರೆಗಳ ಮೇಲೆ ಹಾಸಿದ ಚಾಪೆಗಳನ್ನು ದಾಟುವಾಗ ಸಮಯ ತಾನಾಗಿ ದಾಖಲಾಗುತ್ತದೆ. ಸಾವಿರಾರು ಜನರ ಗುಂಪಿನಲ್ಲಿ ಹಿಂದೆ ನಿಂತವರು ಆರಂಭದ ಗೆರೆ ಮುಟ್ಟುವುದಕ್ಕೇ ಹಲವು ನಿಮಿಷ ಹಿಡಿದರೂ ಅವರ ಸ್ವಂತ ಸಮಯಕ್ಕೆ ನಷ್ಟವಿಲ್ಲ. ಹಾಗಾಗಿ ನೂಕುನುಗ್ಗಲಿಗೆ ಕಾರಣವೂ ಇಲ್ಲ. ಓಟದ ದೂರವನ್ನು ವಿಶೇಷ ಗಣಕ ಜೋಡಿಸಿದ ಸೈಕಲ್ಲಿನಿಂದ ಅಳೆಯಲಾಗುತ್ತದೆ. ದೂರ ಕಡಿಮೆ ಬೀಳದಿರಲೆಂದು ಪ್ರತಿ ಕಿ.ಮೀ.ಗೆ ಒಂದು ಮೀಟರ್ ಹೆಚ್ಚುವರಿ ಸೇರಿಸುವ ನಿಯಮವಿರುವುದರಿಂದ ಪ್ರಮಾಣೀಕೃತ ಹತ್ತು ಕಿ.ಮೀ. ಮಾರ್ಗ ವಾಸ್ತವದಲ್ಲಿ 10,010 ಮೀಟರ್ ಇರುತ್ತದೆ. ಮೊಬೈಲಿನ ಲೆಕ್ಕ ಇದಕ್ಕೆ ಹೊಂದದಿದ್ದಲ್ಲಿ ಆಕ್ಷೇಪಿಸಬೇಕಾದ್ದಿಲ್ಲ.

ಎದೆಸಂಖ್ಯೆಯನ್ನು ಓಟದ ದಿನ ಬೆಳಿಗ್ಗೆ ವಿತರಿಸುವುದಿಲ್ಲ. ಓಟಕ್ಕೆ ಮುಂಚಿನ ದಿನಗಳಲ್ಲಿ ನಿಗದಿತ ಸ್ಥಳದಲ್ಲಿ, ನಿಗದಿತ ವೇಳೆಯೊಳಗೆ ಗುರುತಿನ ಚೀಟಿ ತೋರಿಸಿ ಪಡೆಯಬೇಕು. ಭಾನುವಾರ ಬೆಳಗಿನ ರೈಲಿನಲ್ಲಿ ಇಳಿದು ನೇರವಾಗಿ ಓಟಕ್ಕೆ ಹೋಗಬಹುದೆಂದು ಭಾವಿಸಿದವರು ರಸ್ತೆ ಬದಿ ನಿಂತು ನೋಡಿ ಮರಳಬೇಕಾಗುತ್ತದೆ. ಬೆಂಗಳೂರಿನಲ್ಲಿರುವ ಬಂಧುಗಳ ಮೂಲಕ ಸಂಖ್ಯೆ ಪಡೆಯಲು ಆ ವರ್ಷದ ನಿಯಮ ಅನುಮತಿಸುತ್ತಿದ್ದಲ್ಲಿ ಸಹಿ ಮಾಡಿದ ಅಧಿಕಾರ ಪತ್ರ ಮತ್ತು ಗುರುತಿನ ಚೀಟಿಯ ಪ್ರತಿಯನ್ನು ಮುಂಚಿತವಾಗಿ ಕಳುಹಿಸತಕ್ಕದ್ದು.

ಒಬ್ಬರ ಸಂಖ್ಯೆಯನ್ನು ಮತ್ತೊಬ್ಬರು ಧರಿಸುವುದು ನಿಷಿದ್ಧ. ಇದನ್ನು ಹಲವರು ಬರಿಯ ಕಚೇರಿ ನಿಯಮವೆಂದು ಹಗುರವಾಗಿ ಕಾಣುತ್ತಾರೆ. ತಮ್ಮನಿಗೆ ಬಿಡುವಿಲ್ಲದ್ದರಿಂದ ಅವನ ಸಂಖ್ಯೆಯನ್ನು ಅಣ್ಣ ಕಟ್ಟಿಕೊಂಡು ಓಡುತ್ತಾನೆ, ದುಡ್ಡು ಹಾಳಾಗಲಿಲ್ಲವೆಂದು ಇಬ್ಬರೂ ಸಮಾಧಾನಪಡುತ್ತಾರೆ. ಆದರೆ ಏಳನೆಯ ಕಿಲೋಮೀಟರಿನಲ್ಲಿ ಅಣ್ಣ ಕುಸಿದು ಬಿದ್ದು ಮಾತನಾಡದ ಸ್ಥಿತಿಯಲ್ಲಿದ್ದರೆ ವೈದ್ಯರ ಮುಂದಿರುವುದು ತಮ್ಮನ ಹೆಸರು, ತಮ್ಮನ ವಯಸ್ಸು, ತಮ್ಮನ ರಕ್ತದ ಗುಂಪು. ಅಣ್ಣನಿಗೆ ಸಕ್ಕರೆ ಕಾಯಿಲೆ ಇದ್ದುದು, ಆತ ನಿತ್ಯ ನುಂಗುವ ಮಾತ್ರೆಯ ಹೆಸರು ಅಲ್ಲಿ ಯಾರಿಗೂ ತಿಳಿಯುವುದಿಲ್ಲ. ಊರಿಗೆ ಹೋಗುವ ದೂರವಾಣಿ ಕರೆಯೂ ತಪ್ಪು ಸುದ್ದಿಯನ್ನೇ ಒಯ್ಯುತ್ತದೆ. ಹೋಗಲಾಗದಿದ್ದಲ್ಲಿ ಸಂಖ್ಯೆಯನ್ನು ಬಳಸದೆ ಬಿಡುವುದೇ ಸರಿಯಾದ ಕ್ರಮ. ಪಟ್ಟಿಯ ಹಿಂಭಾಗದಲ್ಲಿ ಕಾಯಿಲೆ, ಔಷಧ ಮತ್ತು ಮನೆಯವರ ದೂರವಾಣಿ ಸಂಖ್ಯೆ ಬರೆಯಲು ಜಾಗವಿದ್ದರೆ ಅದನ್ನು ಸ್ಪಷ್ಟ ಅಕ್ಷರಗಳಲ್ಲಿ ತುಂಬಬೇಕು. ಸಂಖ್ಯೆಯನ್ನು ಎದೆಯ ಮೇಲೆ ಪಿನ್ನುಗಳಿಂದ ಸಿಕ್ಕಿಸಿಕೊಳ್ಳಬೇಕೇ ಹೊರತು ಮಡಚಿ ಜೇಬಿನಲ್ಲಿ ಇಡಬಾರದು.

ಆರೋಗ್ಯ ತಪಾಸಣೆ

ಹೊಲದಲ್ಲಿ ದಿನವಿಡೀ ದುಡಿಯುವವರಿಗೆ ತಪಾಸಣೆಯ ಅಗತ್ಯವಿಲ್ಲವೆಂಬ ಭಾವನೆ ಗ್ರಾಮಗಳಲ್ಲಿದೆ. ದುಡಿಮೆಯ ಶ್ರಮ ಬೇರೆ, ಒಂದು ಗಂಟೆ ಕಾಲ ಹೃದಯವನ್ನು ಏರುಗತಿಯಲ್ಲಿಟ್ಟು ಓಡುವ ಶ್ರಮ ಬೇರೆ. 35 ವರ್ಷ ದಾಟಿದವರು, ರಕ್ತದೊತ್ತಡ ಅಥವಾ ಸಕ್ಕರೆ ಕಾಯಿಲೆಯುಳ್ಳವರು, ಬೀಡಿ-ಸಿಗರೇಟು ಸೇದುವವರು, ಕುಟುಂಬದಲ್ಲಿ ಚಿಕ್ಕ ವಯಸ್ಸಿನಲ್ಲಿಯೇ ಹೃದಯಾಘಾತದಿಂದ ಮೃತಪಟ್ಟವರಿರುವವರು ಅಭ್ಯಾಸ ಆರಂಭಿಸುವ ಮೊದಲೇ ವೈದ್ಯರ ಸಲಹೆ ಪಡೆಯತಕ್ಕದ್ದು. ಏರು ಹತ್ತುವಾಗ ಎದೆ ಹಿಡಿದಂತಾಗುವುದು, ಓಡುವಾಗ ಕಣ್ಣು ಕತ್ತಲೆ ಬರುವುದು, ಕಾರಣವಿಲ್ಲದೆ ಎದೆ ಹೊಡೆದುಕೊಳ್ಳುವುದು ಇವು ಯಾವ ವಯಸ್ಸಿನವರಿಗೇ ಆಗಲಿ ಅಭ್ಯಾಸವನ್ನು ನಿಲ್ಲಿಸಬೇಕಾದ ಲಕ್ಷಣಗಳು.

ಮುಂಡರಗಿ ತಾಲ್ಲೂಕಿಗೆ ಸಂಬಂಧಿಸಿದಂತೆ ಇನ್ನೊಂದು ವಿಷಯವಿದೆ. ತಾಲ್ಲೂಕಿನ ಹಲವು ಗ್ರಾಮಗಳ ಕೊಳವೆಬಾವಿ ನೀರಿನಲ್ಲಿ ಫ್ಲೋರೈಡ್ ಅಂಶ ಮಿತಿಮೀರಿರುವುದು ದಾಖಲಾಗಿದ್ದು, ವರ್ಷಗಟ್ಟಲೆ ಆ ನೀರು ಕುಡಿದವರಲ್ಲಿ ಮೂಳೆ ಮತ್ತು ಕೀಲುಗಳ ಬಿಗಿತ ಕಂಡುಬರುತ್ತದೆ. ಬೆನ್ನು, ಮೊಣಕಾಲು ಬಗ್ಗಿಸಲು ನೋವಿರುವವರು ಅದನ್ನು ಅಭ್ಯಾಸದ ಕೊರತೆಯೆಂದು ತಿಳಿದು ಬಲವಂತವಾಗಿ ಓಡಬಾರದು. ಇಂತಹವರಿಗೆ ವೇಗದ ನಡಿಗೆ ಉತ್ತಮ, ಮತ್ತು ಕಿರು ಓಟದ ವಿಭಾಗದಲ್ಲಿ ನಡೆದು ಮುಗಿಸುವುದಕ್ಕೆ ಅಡ್ಡಿಯಿಲ್ಲ.

ಭಯಪಡುವ ಅಗತ್ಯವೂ ಇಲ್ಲ. ಅಮೆರಿಕದಲ್ಲಿ 2000ರಿಂದ 2010ರವರೆಗೆ ಮ್ಯಾರಥಾನ್ ಮತ್ತು ಅರೆ ಮ್ಯಾರಥಾನ್ ಓಡಿದ ಸುಮಾರು 1 ಕೋಟಿ 9 ಲಕ್ಷ ಮಂದಿಯನ್ನು ಕುರಿತ ಅಧ್ಯಯನವೊಂದು 2012ರಲ್ಲಿ ಪ್ರಕಟವಾಗಿದ್ದು, ಅವರಲ್ಲಿ 59 ಮಂದಿಗೆ ಓಟದ ಅವಧಿಯಲ್ಲಿ ಹೃದಯ ಸ್ತಂಭನವಾಗಿತ್ತು. ಅಂದರೆ ಸುಮಾರು 1 ಲಕ್ಷ 84 ಸಾವಿರ ಮಂದಿಗೆ ಒಬ್ಬರು. ಬದುಕುಳಿದವರಲ್ಲಿ ಹೆಚ್ಚಿನವರಿಗೆ ಪಕ್ಕದಲ್ಲಿದ್ದವರು ತಕ್ಷಣ ಎದೆ ಒತ್ತಿ ಪ್ರಥಮ ಚಿಕಿತ್ಸೆ ನೀಡಿದ್ದರೆಂಬುದು ಅದೇ ಅಧ್ಯಯನದ ಗಮನಾರ್ಹ ಅಂಶ. ಓಟದ ಗೆಳೆಯರ ಗುಂಪಿನಲ್ಲಿ ಒಬ್ಬರಾದರೂ ಈ ವಿಧಾನವನ್ನು ಕಲಿತಿರುವುದು ಅಪೇಕ್ಷಣೀಯ.

ಅಭ್ಯಾಸ

ಏಪ್ರಿಲ್ ಕೊನೆಯ ಓಟಕ್ಕೆ ಫೆಬ್ರವರಿ ಆರಂಭದಲ್ಲಿ ಅಭ್ಯಾಸ ತೊಡಗಬೇಕಾಗುತ್ತದೆ. ಅದು ಹಿಂಗಾರಿ ಜೋಳ, ಕಡಲೆ ಬೆಳೆಗಳ ಕೊಯ್ಲಿನ ಕಾಲ. ನಗರದವರಿಗಾಗಿ ಬರೆದ ತರಬೇತಿ ಪಟ್ಟಿಗಳು ದಿನವಿಡೀ ಕುಳಿತು ಕೆಲಸ ಮಾಡುವವರನ್ನು ಮನಸ್ಸಿನಲ್ಲಿಟ್ಟು ಸಿದ್ಧಪಡಿಸಿದವಾದ್ದರಿಂದ ಅವು ಇಲ್ಲಿ ಹಾಗೆಯೇ ಹೊಂದುವುದಿಲ್ಲ. ಬೆಳಗಿನಿಂದ ಸಂಜೆಯವರೆಗೆ ಬಗ್ಗಿ ಕೊಯ್ಲು ಮಾಡಿದವರು ಮರುದಿನ ನಸುಕಿನಲ್ಲಿ ಎದ್ದು ಓಡಿದರೆ ಮೀನಖಂಡ ಮತ್ತು ಸೊಂಟದ ಸ್ನಾಯುಗಳಿಗೆ ವಿಶ್ರಾಂತಿ ದೊರೆಯುವುದಿಲ್ಲ. ಕೊಯ್ಲಿನ ದಿನ ಓಟ ಬಿಡುವುದು ಲೋಪವಲ್ಲ.

ವಾರಕ್ಕೆ ಮೂರು ದಿನ ಓಡಿದರೆ ಸಾಕು. ಮೊದಲ ಎರಡು ವಾರ ಎರಡು ನಿಮಿಷ ನಿಧಾನ ಓಟ, ಎರಡು ನಿಮಿಷ ನಡಿಗೆ, ಹೀಗೆ ಅರ್ಧ ಗಂಟೆ. ಜೊತೆಗಿರುವವರೊಂದಿಗೆ ಮಾತನಾಡುತ್ತಲೇ ಓಡಲು ಸಾಧ್ಯವಾಗುವಷ್ಟೇ ವೇಗವಿರಬೇಕು. ಮಾತು ತುಂಡಾಗುತ್ತಿದ್ದರೆ ವೇಗ ಹೆಚ್ಚಾಯಿತೆಂದೇ ತಿಳಿಯಬೇಕು. ಮೂರನೆಯ ವಾರದಿಂದ ಓಟದ ಭಾಗವನ್ನು ಹೆಚ್ಚಿಸುತ್ತಾ, ವಾರದಲ್ಲಿ ಒಂದು ದಿನ ಮಾತ್ರ ದೂರವನ್ನು ಅರ್ಧ ಅಥವಾ ಒಂದು ಕಿ.ಮೀ.ನಷ್ಟು ಬೆಳೆಸಬೇಕು. ಹತ್ತು ಕಿ.ಮೀ. ವಿಭಾಗದವರು ಓಟಕ್ಕೆ ಎರಡು ವಾರ ಮುಂಚೆ ಒಮ್ಮೆಯಾದರೂ ಎಂಟು ಕಿ.ಮೀ. ಪೂರ್ಣಗೊಳಿಸಿರಬೇಕು. ಕೊನೆಯ ವಾರ ಅಭ್ಯಾಸವನ್ನು ಅರ್ಧಕ್ಕೆ ಇಳಿಸಬೇಕು. ಬಿಟ್ಟುಹೋದ ದಿನಗಳನ್ನು ಆ ವಾರ ಸರಿದೂಗಿಸಲು ಹೊರಟವರೇ ಕಾಲು ನೋವಿನೊಂದಿಗೆ ರೈಲು ಹತ್ತುತ್ತಾರೆ.

ಸ್ಥಳದ ಆಯ್ಕೆಯಲ್ಲಿ ಎಚ್ಚರ ಅಗತ್ಯ. ಶಾಲಾ ಮೈದಾನ ಎಲ್ಲಕ್ಕಿಂತ ಸುರಕ್ಷಿತ. ಎರೆ ಹೊಲದ ಬದುಗಳು ಒಣಗಿದಾಗ ಬಿರುಕು ಬಿಟ್ಟು ಕಾಲು ಉಳುಕಿಸುತ್ತವೆ, ಮಳೆ ಬಿದ್ದಾಗ ಅಂಟುತ್ತವೆ. ಏತ ನೀರಾವರಿ ಕಾಲುವೆಗಳ ದಂಡೆ ಹಾಗೂ ಹಮ್ಮಿಗಿ ಬ್ಯಾರೇಜಿನ ಹಿನ್ನೀರಿನ ಅಂಚು ನೋಡಲು ಸಮತಟ್ಟಾಗಿದ್ದರೂ ಕತ್ತಲೆಯಲ್ಲಿ ಅಲ್ಲಿ ಓಡುವುದು ಅಪಾಯಕರ. ಮುಖ್ಯ ರಸ್ತೆಯಲ್ಲಿ ಓಡುವುದು ಅನಿವಾರ್ಯವಾದರೆ ಎದುರಿನಿಂದ ಬರುವ ವಾಹನ ಕಾಣುವಂತೆ ರಸ್ತೆಯ ಬಲಬದಿಯಲ್ಲಿ, ಒಬ್ಬರ ಹಿಂದೆ ಒಬ್ಬರಾಗಿ ಸಾಗಬೇಕು. ಕಬ್ಬಿನ ಹಂಗಾಮಿನಲ್ಲಿ ಎರಡು ಟ್ರೇಲರ್ ಕಟ್ಟಿದ ಟ್ರ್ಯಾಕ್ಟರ್‌ಗಳು ಹಿಂದೀಪವಿಲ್ಲದೆ ರಾತ್ರಿ ಸಂಚರಿಸುವುದರಿಂದ ಬೆಳಕು ಹರಿಯುವವರೆಗೆ ಕಾಯುವುದೇ ಲೇಸು. ಬಿಳಿ ಅಥವಾ ತಿಳಿ ಬಣ್ಣದ ಅಂಗಿ ಧರಿಸಬೇಕು. ಎರಡೂ ಕಿವಿಗೆ ಇಯರ್‌ಫೋನ್ ಹಾಕಿಕೊಂಡು ರಸ್ತೆಯಲ್ಲಿ ಓಡಲೇಬಾರದು.

ಮಹಿಳೆಯರು ಅಭ್ಯಾಸಕ್ಕೆ ಹೊರಡಲು ಗ್ರಾಮಗಳಲ್ಲಿ ಹಿಂಜರಿಕೆ ಇರುವುದು ಸುಳ್ಳಲ್ಲ. 1967ರಲ್ಲಿ ಬಾಸ್ಟನ್ ಮ್ಯಾರಥಾನಿನಲ್ಲಿ ಸಂಖ್ಯೆ ಧರಿಸಿ ಓಡಿದ ಕ್ಯಾಥರಿನ್ ಸ್ವಿಟ್ಜರ್ ಅವರನ್ನು ಓಟದ ಅಧಿಕಾರಿಯೊಬ್ಬರು ನಡುರಸ್ತೆಯಲ್ಲಿಯೇ ಎಳೆದು ಹೊರಹಾಕಲು ಯತ್ನಿಸಿದ್ದರು. ಮಹಿಳೆಯರಿಗೆ ಆ ಓಟದಲ್ಲಿ ಅಧಿಕೃತ ಪ್ರವೇಶ ದೊರೆತದ್ದು 1972ರಲ್ಲಿ. ಇಂದು ಬೆಂಗಳೂರಿನ ಓಟದಲ್ಲಿ ಸೀರೆ, ಚೂಡಿದಾರ ಧರಿಸಿ ಓಡಲು ಯಾವ ನಿರ್ಬಂಧವೂ ಇಲ್ಲ. ಸ್ವಸಹಾಯ ಸಂಘದ ಸದಸ್ಯೆಯರು ನಾಲ್ಕೈದು ಮಂದಿ ಒಟ್ಟಾಗಿ ಸಂಜೆ ಶಾಲಾ ಮೈದಾನದಲ್ಲಿ ಅಭ್ಯಾಸ ಮಾಡಬಹುದು. ಚಪ್ಪಲಿ ಮಾತ್ರ ಬೇಡ. ಬೂಟು ದುಬಾರಿಯದೇ ಆಗಬೇಕೆಂದಿಲ್ಲ, ಆದರೆ ಹೆಬ್ಬೆರಳಿನ ಮುಂದೆ ಒಂದು ಬೆರಳಿನಷ್ಟು ಜಾಗವಿರಬೇಕು ಮತ್ತು ಓಟಕ್ಕೆ ಮುಂಚೆ ಮೂರು ವಾರವಾದರೂ ಅದನ್ನೇ ಹಾಕಿ ಓಡಿರಬೇಕು. ಬರಿಗಾಲಿನಲ್ಲಿಯೇ ಓಡಿ ರೂಢಿಯಿರುವವರು ನಗರದ ಡಾಂಬರು ರಸ್ತೆ ಹೊಲದ ದಾರಿಯಂತಲ್ಲ ಎಂಬುದನ್ನು ನೆನಪಿಡಬೇಕು.

ಪ್ರಯಾಣ

ಮುಂಡರಗಿಯಿಂದ ಗದಗಕ್ಕೆ ಬಸ್ಸಿನಲ್ಲಿ ಬಂದು ಗದಗ ಜಂಕ್ಷನ್ನಿನಿಂದ ರಾತ್ರಿ ರೈಲಿನಲ್ಲಿ ಬೆಂಗಳೂರು ತಲುಪಬಹುದು. ಗದಗದ ಮೂಲಕ ಹಾದುಹೋಗುವ ಹಂಪಿ ಎಕ್ಸ್‌ಪ್ರೆಸ್ ಕೊಪ್ಪಳ, ಹೊಸಪೇಟೆ, ಬಳ್ಳಾರಿ ಮಾರ್ಗವಾಗಿ ಸಾಗುತ್ತದೆ. ಏಪ್ರಿಲ್-ಮೇ ರಜಾ ಕಾಲವಾದ್ದರಿಂದ ಓಟದ ನೋಂದಣಿ ಖಚಿತವಾದ ದಿನವೇ ರೈಲಿನ ಸ್ಥಾನ ಕಾಯ್ದಿರಿಸುವುದು ಸೂಕ್ತ. 2023ರ ಜೂನ್ 11ರಿಂದ ಜಾರಿಯಲ್ಲಿರುವ ಶಕ್ತಿ ಯೋಜನೆಯಡಿ ರಾಜ್ಯದ ಮಹಿಳೆಯರು ಸಾರಿಗೆ ಸಂಸ್ಥೆಗಳ ಸಾಮಾನ್ಯ ಮತ್ತು ವೇಗದೂತ ಬಸ್ಸುಗಳಲ್ಲಿ ಗುರುತಿನ ಚೀಟಿ ತೋರಿಸಿ ಉಚಿತವಾಗಿ ಪ್ರಯಾಣಿಸಬಹುದು. ಐಷಾರಾಮಿ ಬಸ್ಸುಗಳಿಗೆ ಇದು ಅನ್ವಯಿಸುವುದಿಲ್ಲ.

ಶುಕ್ರವಾರ ರಾತ್ರಿ ಹೊರಟು ಶನಿವಾರ ಬೆಳಿಗ್ಗೆ ತಲುಪಿ, ಮಧ್ಯಾಹ್ನದೊಳಗೆ ಎದೆಸಂಖ್ಯೆ ಪಡೆದು, ಸಂಜೆ ವಿಶ್ರಾಂತಿ ಪಡೆಯುವುದು ಸರಿಯಾದ ಕ್ರಮ. ಶನಿವಾರ ಇಡೀ ದಿನ ನಗರ ಸುತ್ತಿ ಕಾಲು ದಣಿಸಿಕೊಂಡರೆ ಎರಡು ತಿಂಗಳ ಅಭ್ಯಾಸ ವ್ಯರ್ಥ. ಹಲವು ವರ್ಷ ಶ್ರೀ ಕಂಠೀರವ ಕ್ರೀಡಾಂಗಣದಿಂದ ಆರಂಭವಾಗುತ್ತಿದ್ದ ಈ ಓಟ ಇತ್ತೀಚಿನ ಆವೃತ್ತಿಗಳಲ್ಲಿ ಮಾಣಿಕ್ ಷಾ ಪರೇಡ್ ಮೈದಾನಕ್ಕೆ ಸ್ಥಳಾಂತರವಾಗಿದ್ದು, ಆ ವರ್ಷದ ಸ್ಥಳವನ್ನು ಪರಿಶೀಲಿಸಿಕೊಳ್ಳಬೇಕು. ಓಟದ ದಿನ ಮುಂಜಾನೆ ಸುತ್ತಲಿನ ರಸ್ತೆಗಳಲ್ಲಿ ವಾಹನ ಸಂಚಾರ ನಿರ್ಬಂಧಿಸಲಾಗುವುದರಿಂದ ಆಟೋ ನಂಬಿಕೊಳ್ಳುವಂತಿಲ್ಲ. ಮೆಟ್ರೋ ರೈಲು ಆ ದಿನ ಎಷ್ಟು ಹೊತ್ತಿಗೆ ಆರಂಭವಾಗುತ್ತದೆಂಬುದನ್ನು ಹಿಂದಿನ ದಿನದ ಪತ್ರಿಕೆಯಲ್ಲಿ ನೋಡಿಕೊಳ್ಳಬೇಕು.

ಓಟದ ದಿನ

ಜೋಳದ ರೊಟ್ಟಿ ಉಂಡು ರೂಢಿಯಾದವರು ಹಿಂದಿನ ರಾತ್ರಿ ಹೋಟೆಲಿನ ಎಣ್ಣೆ ಪದಾರ್ಥಗಳನ್ನು ತಿನ್ನಬಾರದು. ಮನೆಯಿಂದ ಕಟ್ಟಿಕೊಂಡು ಬಂದ ಕಟಕ ರೊಟ್ಟಿ, ಶೇಂಗಾ ಚಟ್ನಿ, ಮೊಸರು ಸಾಕಾಗುತ್ತವೆ. ಓಟಕ್ಕೆ ಎರಡು ಗಂಟೆ ಮೊದಲು ಒಂದೆರಡು ಬಾಳೆಹಣ್ಣು ಅಥವಾ ಅಷ್ಟೇ ಹಗುರವಾದ ಆಹಾರ.

ಸಾರ್ವಜನಿಕ ಹತ್ತು ಕಿ.ಮೀ. ಓಟ ನಸುಕಿನಲ್ಲಿ ಆರಂಭವಾಗುತ್ತದೆ; ಮಜ್ಜಾ ರನ್ ಸಾಮಾನ್ಯವಾಗಿ ಅದರ ನಂತರ. ದೂರ ಕಡಿಮೆಯಾದರೂ ಬಿಸಿಲು ಹೆಚ್ಚು ತಗಲುವುದು ಇವರಿಗೇ. ಗದಗ ಬಯಲುಸೀಮೆಯ ಬಿಸಿಲು ಕಂಡವರಿಗೆ ಬೆಂಗಳೂರಿನ ಬಿಸಿಲು ಏನೂ ಅಲ್ಲವೆಂಬ ಮಾತಿನಲ್ಲಿ ಸ್ವಲ್ಪ ಸತ್ಯವಿದ್ದರೂ ಓಡುವವರ ದೇಹದೊಳಗೆ ಹುಟ್ಟುವ ಶಾಖವೇ ಬೇರೆ. ನಗರ ಸಮುದ್ರ ಮಟ್ಟದಿಂದ 900 ಮೀಟರಿಗೂ ಎತ್ತರದಲ್ಲಿದ್ದು ರಸ್ತೆಗಳು ಏರಿಳಿತದಿಂದ ಕೂಡಿವೆ. ಏರಿನಲ್ಲಿ ನಡೆದು ಇಳಿಜಾರಿನಲ್ಲಿ ಓಡುವುದರಲ್ಲಿ ಅವಮಾನವಿಲ್ಲ. ನಡೆಯುವವರು ರಸ್ತೆಯ ಎಡ ಅಂಚಿಗೆ ಸರಿಯಬೇಕು, ನಾಲ್ಕೈದು ಜನ ಕೈಹಿಡಿದು ಅಡ್ಡಸಾಲಿನಲ್ಲಿ ಸಾಗಬಾರದು, ಛಾಯಾಚಿತ್ರಕ್ಕಾಗಿ ರಸ್ತೆ ಮಧ್ಯದಲ್ಲಿ ಥಟ್ಟನೆ ನಿಲ್ಲಬಾರದು.

ನೀರನ್ನು ಬಾಯಾರಿದಷ್ಟು ಕುಡಿಯಬೇಕು. ಪ್ರತಿ ನಿಲ್ದಾಣದಲ್ಲೂ ಬಲವಂತದಿಂದ ಕುಡಿಯುವುದೂ ಅಪಾಯವೇ; 2002ರ ಬಾಸ್ಟನ್ ಮ್ಯಾರಥಾನ್ ಮುಗಿಸಿದ 488 ಓಟಗಾರರ ರಕ್ತ ಪರೀಕ್ಷಿಸಿದಾಗ ಅವರಲ್ಲಿ ನೂರಕ್ಕೆ 13 ಮಂದಿಯ ರಕ್ತದಲ್ಲಿ ಸೋಡಿಯಂ ಪ್ರಮಾಣ ಇಳಿದಿತ್ತೆಂದು 2005ರಲ್ಲಿ ವರದಿಯಾಗಿದೆ. ಕಿರು ಓಟಗಳಲ್ಲಿ ಈ ತೊಂದರೆ ವಿರಳ. ಮುಗಿದ ನಂತರ ಉಪ್ಪು ಹಾಕಿದ ಮಜ್ಜಿಗೆ ಅಥವಾ ಓಆರ್‌ಎಸ್ ದ್ರಾವಣ ಒಳ್ಳೆಯದು.

ಜೊತೆಯ ಓಟಗಾರರು ತೂರಾಡುತ್ತಿದ್ದರೆ, ಅಸಂಬದ್ಧವಾಗಿ ಮಾತನಾಡುತ್ತಿದ್ದರೆ, ಮೈ ಕಾದ ಹಂಚಿನಂತಿದ್ದರೆ ಅದು ಬಿಸಿಲಿನ ಆಘಾತವಿರಬಹುದು. ಬೆವರುತ್ತಿದ್ದಾರೆಂಬ ಕಾರಣಕ್ಕೆ ಅಲಕ್ಷಿಸಬಾರದು. ಕೂಡಲೇ ನೆರಳಿಗೆ ಸರಿಸಿ, ತಲೆ, ಕುತ್ತಿಗೆ, ಕಂಕುಳು ಮತ್ತು ಮೈಮೇಲೆ ತಣ್ಣೀರು ಸುರಿದು ಗಾಳಿ ಬೀಸಬೇಕು; ಪ್ರಜ್ಞೆ ಇಲ್ಲದವರ ಬಾಯಿಗೆ ನೀರು ಹಾಕಬಾರದು. ಮೈ ತಂಪುಗೊಳಿಸುವ ಕೆಲಸವನ್ನು ಆಂಬ್ಯುಲೆನ್ಸ್ ಬರುವವರೆಗೆ ನಿಲ್ಲಿಸಬಾರದು. ಹತ್ತಿರದ ಸ್ವಯಂಸೇವಕರಿಗೆ ತಿಳಿಸಬೇಕು, ಅವರು ಸಿಗದಿದ್ದಲ್ಲಿ 108ಕ್ಕೆ ಕರೆ ಮಾಡಬೇಕು. ಓಟ ಪೂರ್ಣಗೊಳಿಸುವ ಆಸೆಯಿಂದ ಬಿದ್ದವರನ್ನು ದಾಟಿ ಮುಂದೆ ಹೋಗುವುದು ಸಾರ್ವಜನಿಕ ಓಟದ ಉದ್ದೇಶಕ್ಕೇ ವಿರುದ್ಧ.

ಜಿಲ್ಲೆಯಲ್ಲಿಯೇ ಲಭ್ಯವಿರುವ ಅವಕಾಶಗಳು

ಬೆಂಗಳೂರಿಗೆ ಹೋಗಲು ಅನುಕೂಲವಿಲ್ಲದವರು ಶುಲ್ಕವಿಲ್ಲದ ಓಟಗಳಲ್ಲಿ ಭಾಗವಹಿಸಬಹುದು. ಸರ್ದಾರ್ ವಲ್ಲಭಭಾಯಿ ಪಟೇಲರ ಜನ್ಮದಿನವಾದ ಅಕ್ಟೋಬರ್ 31ರಂದು 2014ರಿಂದ ಏಕತಾ ಓಟ ನಡೆಯುತ್ತಿದೆ. 2019ರ ಆಗಸ್ಟ್ 29ರಂದು ಆರಂಭವಾದ ಫಿಟ್ ಇಂಡಿಯಾ ಆಂದೋಲನದಡಿ 2020ರಿಂದ ಸ್ವಾತಂತ್ರ್ಯ ಓಟಗಳನ್ನು ಏರ್ಪಡಿಸಲಾಗುತ್ತಿದ್ದು, ಇವುಗಳಲ್ಲಿ ತಮ್ಮ ಊರಿನಲ್ಲಿಯೇ ಓಡಿ ದೂರವನ್ನು ದಾಖಲಿಸುವ ಅವಕಾಶವನ್ನೂ ಕಲ್ಪಿಸಲಾಗಿತ್ತು. ಅಭ್ಯಾಸಕ್ಕೆ ಗದಗದ ಕೆ.ಎಚ್. ಪಾಟೀಲ ಜಿಲ್ಲಾ ಕ್ರೀಡಾಂಗಣವಿದೆ.

ಗ್ರಾಮದ ಯುವಕ ಸಂಘಗಳು ತಾವೇ ಓಟ ಏರ್ಪಡಿಸಲು ಬಯಸಿದಲ್ಲಿ ದಿನಾಂಕಕ್ಕೆ ಸಾಕಷ್ಟು ಮುಂಚಿತವಾಗಿ ಗ್ರಾಮ ಪಂಚಾಯಿತಿ ಮತ್ತು ಸಂಬಂಧಿತ ಪೊಲೀಸ್ ಠಾಣೆಗೆ ಮಾರ್ಗದ ವಿವರದೊಂದಿಗೆ ಲಿಖಿತ ಅರ್ಜಿ ಸಲ್ಲಿಸಿ ಅನುಮತಿ ಪಡೆಯತಕ್ಕದ್ದು. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೂ ಪತ್ರ ನೀಡಿ ಆಂಬ್ಯುಲೆನ್ಸ್ ಲಭ್ಯತೆ ಖಚಿತಪಡಿಸಿಕೊಳ್ಳತಕ್ಕದ್ದು. ಸಿಂಗಟಾಲೂರು ವೀರಭದ್ರೇಶ್ವರ ದೇವಸ್ಥಾನದ ಜಾತ್ರೆಯ ದಿನಗಳಲ್ಲಿ ಜನದಟ್ಟಣೆ ಹೆಚ್ಚಿರುವುದರಿಂದ ಅದೇ ರಸ್ತೆಯಲ್ಲಿ ಓಟಕ್ಕೆ ಅನುಮತಿ ಕೋರದಿರುವುದು ಸೂಕ್ತ.

ದಸರಾ ಕ್ರೀಡಾಕೂಟದ ದಿನಾಂಕ, ಕ್ರೀಡಾಂಗಣದ ಬಳಕೆ ಮತ್ತು ಕ್ರೀಡಾ ಪ್ರಮಾಣಪತ್ರಗಳ ಮಾನ್ಯತೆಗೆ ಸಂಬಂಧಿಸಿದ ವಿವರಗಳಿಗಾಗಿ ನಾಗರಿಕರು ಕಚೇರಿ ವೇಳೆಯಲ್ಲಿ ಗದಗದಲ್ಲಿರುವ ಯುವ ಸಬಲೀಕರಣ ಮತ್ತು ಕ್ರೀಡಾ ಇಲಾಖೆಯ ಜಿಲ್ಲಾ ಕಚೇರಿಯನ್ನು ಸಂಪರ್ಕಿಸಬಹುದು. ಖಾಸಗಿ ಓಟಗಳ ಶುಲ್ಕ, ಎದೆಸಂಖ್ಯೆ ಹಾಗೂ ಸಮಯ ದಾಖಲಾತಿಯ ದೂರುಗಳನ್ನು ಆಯಾ ಆಯೋಜಕರಿಗೇ ನೇರವಾಗಿ ಸಲ್ಲಿಸತಕ್ಕದ್ದು.